ಒಂದು ಬಿಟ್ಟು ಒಂದು ಗರಿ

ಕೂಟಗಲ್ಲಿನ ದೊಡ್ಡಲಕ್ಷ್ಮಮ್ಮನನ್ನು ಬೆಂಗಳೂರಿನ ಕಾಲೇಜು ಮೇಷ್ಟರೊಬ್ಬರು ತುಂಬಿದ ತರಗತಿಯಲ್ಲಿ ‘ಓಲೆ ಸುಟ್ಟ ಹೆಂಗಸು’ ಎಂದರು. ಆಕೆ ಸುಟ್ಟಿರಲಿಲ್ಲ. ಆ ಮಾತನ್ನು ಸಾಯುವತನಕ ಮರೆಯಲೂ ಇಲ್ಲ. ಓದಿದವರ ಬಾಯಿಂದ ಬಿದ್ದ ಮಾತು, ಮರೆತುಬಿಡಬೇಕಾಗಿತ್ತು ಎನ್ನುವ ಸಾಧುಗಳು ನಮ್ಮ ಕಡೆಯೂ ಇದ್ದಾರೆ. ಅಂಥವರು ಇದನ್ನು ಓದಬೇಕಾಗಿಲ್ಲ. ಅವರಿಗೆ ಬೇರೆ ಪುರಾಣಗಳಿವೆ.

ಓಲೆ ಆ ಮನೆಗೆ ಬಂದದ್ದು ಆಕೆಯ ಗಂಡನ ತಾತನಿಂದ. ಆತ ಜಗಲಿಯ ಮೇಲೆ ಮರಳು ಹರಡಿ ಊರ ಹುಡುಗರಿಗೆ ಅಕ್ಷರ ತಿದ್ದಿಸುತ್ತಿದ್ದ ಐಗಳು. ಬೆಟ್ಟದ ಕೋಟೆಯನ್ನು ಒಬ್ಬಳೇ ನಿಂತು ಕಾದ ಗೊಲ್ಲರ ಹೆಣ್ಣೊಬ್ಬಳ ಕತೆಯನ್ನು ಹಿಂದೆ ಯಾರೋ ಹಾಡಲು ಬರುವಂಥ ಪದ್ಯದಲ್ಲಿ ಕಟ್ಟಿದ್ದರು. ಐಗಳು ಅದನ್ನು ಕಂಠ ಎನ್ನುವ ಕಬ್ಬಿಣದ ಕಡ್ಡಿಯಿಂದ ತಾಳೆಗರಿಯ ಮೇಲೆ ಕೊರೆದು, ಕಾಡಿಗೆ ತುಂಬಿ, ಎರಡು ಹಲಗೆಯ ನಡುವೆ ದಾರ ಪೋಣಿಸಿ ಕಟ್ಟು ಮಾಡಿಟ್ಟಿದ್ದ. ಮೊಮ್ಮಕ್ಕಳ ಕಾಲಕ್ಕೆ ಮನೆಯಲ್ಲಿ ಅಕ್ಷರ ಹೋಗಿ ನೇಗಿಲು ಉಳಿಯಿತು. ಆದರೂ ಕಟ್ಟು ದೇವರ ಗೂಡು ಬಿಟ್ಟು ಇಳಿಯಲಿಲ್ಲ. ಮಹಾನವಮಿಗೆ ಅದಕ್ಕೆ ಹೂವು. ಶ್ರಾವಣದಲ್ಲಿ ಓದಬಲ್ಲ ದಾಸಯ್ಯ ಯಾರಾದರೂ ಬಂದರೆ ಕೇರಿಯೇ ಕೂತು ಕೇಳುತ್ತಿತ್ತು. ದೊಡ್ಡಲಕ್ಷ್ಮಮ್ಮ ಆ ಮನೆಗೆ ಹಿರೀ ಸೊಸೆಯಾಗಿ ಬಂದ ವರ್ಷದಿಂದ ಗರಿಗೆ ಎಣ್ಣೆ ಸವರಿ, ನೆರಳಿನಲ್ಲಿ ಆರಿಸಿ, ಬೇವಿನ ಸೊಪ್ಪು ಇಟ್ಟು ಕಟ್ಟುವ ಕೆಲಸ ಆಕೆಯದು. ಒಂದಕ್ಷರ ಬಾರದು. ಆದರೆ ಹುಳ ಬಿದ್ದ ಒಂದು ಗರಿ ಆ ಕಟ್ಟಿನಲ್ಲಿರಲಿಲ್ಲ.

ಆಮೇಲೆ ಅಣ್ಣತಮ್ಮಂದಿರು ಬೇರೆಯಾದರು. ಅಣ್ಣ ಗಂಗಹನುಮಯ್ಯ ಆಕೆಯ ಗಂಡ, ತಮ್ಮ ದಾಸಪ್ಪ ಮೈದುನ. ನಮ್ಮ ಕಡೆ ಪಾಲು ಎಂದರೆ ಪಾಲು. ಒನಕೆ ಒಬ್ಬನಿಗೆ ಒರಳು ಒಬ್ಬನಿಗೆ ಎಂದು ಹಂಚಿಕೊಂಡು ಎರಡು ಮನೆಯವರೂ ಹಸಿದು ಕೂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇವರ ಪಾಲಿಗೆ ಪಂಚರಾಗಿ ಬಂದವರಲ್ಲಿ ಹಿರಿಯರು ಕಲೋಸ್‌ಪೇಟೆಯ ಫಕ್ರುದ್ದೀನ್ ಸಾಬರು. ಈಗ ರಾಮನಗರ ಎನ್ನುವ ಊರಿಗೆ ಆಗ ನಾವು ಹಾಗೆನ್ನುತ್ತಿದ್ದೆವು. ರೇಷ್ಮೆಗೂಡಿನ ವ್ಯಾಪಾರಿ, ನಂಬಿಕಸ್ತ. ಹೊಲ, ದನ, ಪಾತ್ರೆ ಎಲ್ಲ ಮುಗಿದು ಕೊನೆಗೆ ಓಲೆಕಟ್ಟು ಕೆಳಗಿಳಿಯಿತು.

“ಅರ್ಧಕ್ಕೆ ಬಿಡುಸ್ಬುಡಿ ಸಾಬ್ರೇ,” ಎಂದ ಗಂಗಹನುಮಯ್ಯ. “ಇರೀಕ ನಾನು, ಮೊದಲ್ನರ್ಧ ನಂಗೆ.”

“ಮೊದಲ್ನರ್ಧದಾಗೆ ಗಣಪತಿ ಸ್ತುತಿ ಐತೆ. ಪುಣ್ಯವೆಲ್ಲಾ ನೀನು ಮಡೀಕ್ಕೊ, ನಂಗೆ ಬಾಲ ಕೊಡು,” ಎಂದ ದಾಸಪ್ಪ.

“ಬಾಲದಾಗೇ ಕಣ್ಲಾ ಫಲ ಇರೋದು. ಕೇಳ್ದೋರ್ಗೆ ಮಕ್ಳು ಮರಿ ಭಾಗ್ಯ ಅಂತ ಕೊನೇ ಗರೀಲಿ ತಾನೇ ಬರೋದು?”

“ಅಂಗಾರೆ ಬಾಲ್ವ ನೀನೇ ತಕ್ಕೊ.”

“ಯಾಕ್ಲಾ ತಕ್ಕಳ್ಳಿ? ಇರೀಕ ನಾನು.”

ಬಿಸಿಲು ಏರಿತ್ತು. ಸಾಬರಿಗೆ ಹಸಿವು. “ಥೂ ನಿಮ್ಮ, ಇಸ್ಪೀಟು ಎಲೆ ಹಾಕ್ದಂಗೆ ನಿಂಗೊಂದು ಅವ್ನಿಗೊಂದು ಹಾಕ್ಕೊಂಡು ಸಾಯ್ರಿ,” ಎಂದುಬಿಟ್ಟರು.

ಬೇಸತ್ತು ಆಡಿದ ಮಾತು. ಅಣ್ಣತಮ್ಮಂದಿರು ಅದನ್ನೇ ತೀರ್ಪು ಎಂದು ಹಿಡಿದರು. ಸರಿಯಾಗಿದೆ, ಇದರಲ್ಲಿ ಯಾರಿಗೂ ಮೋಸವಿಲ್ಲ ಎಂದು ಇಬ್ಬರ ಮುಖವೂ ಅರಳಿತು. ಪಂಚರ ಬಾಯಿಂದ ಬಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಸಾಬರಿಗೂ ಮುಜುಗರ. “ಬ್ಯಾಡ ಕಣ್ರಪ್ಪಾ, ಕತೆ ಕತ್ತು ಕೂಯ್ಬ್ಯಾಡಿ,” ಎಂದು ದೊಡ್ಡಲಕ್ಷ್ಮಮ್ಮ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ಅಂದಳು. ಹೆಂಗಸಿನ ಮಾತು ಯಾರಿಗೆ ಬೇಕು? ದಾರ ಬಿಚ್ಚಿ ನಿನಗೊಂದು ನನಗೊಂದು ಎಂದು ಗರಿ ಹಂಚಿದರು. ಹಲಗೆ ಆಳಿಗೊಂದು. ದಾರವನ್ನು ಅಳೆದು ಕತ್ತರಿಸಿದರು. ಅಂಗಳದ ನಡುವೆ ಗೋಡೆ ಎದ್ದಿತು. ಗೋಡೆಯ ಈಚೆಯವರು ಆಚೆಯವರ ಜೊತೆ ಮಾತಾಡುವುದು ನಿಂತಿತು.

ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬಂದ ಜ್ವರದಲ್ಲಿ ಗಂಗಹನುಮಯ್ಯ ಹೋದ. ಉಳಿದವರು ದೊಡ್ಡಲಕ್ಷ್ಮಮ್ಮ, ಮಗಳು ವರಲಕ್ಷ್ಮಮ್ಮ. ಒಂಟಿ ಹೆಂಗಸು ರೇಷ್ಮೆಹುಳ ಸಾಕಿ, ರಾಗಿ ಬೆಳೆದು, ಯಾರ ಮುಂದೂ ಸೆರಗೊಡ್ಡದೆ ಮನೆ ನಡೆಸಿದಳು.

ಕಾಲೇಜು ಮೇಷ್ಟರು ಬಂದದ್ದು ಆ ಕಾಲಕ್ಕೆ. ಹೆಸರು ಚಿದಂಬರಯ್ಯ. ಅವರ ಕಾಲೇಜಿನ ಪುಸ್ತಕಶಾಲೆಯಲ್ಲಿ ಹಳೆಯ ಓಲೆಗಳಿಗೆಂದೇ ಒಂದು ಕೋಣೆ ಮಾಡಿದ್ದರಂತೆ, ಊರೂರು ಸುತ್ತಿ ಓಲೆ ಕೂಡಿಹಾಕುತ್ತಿದ್ದರು. ಕಲೋಸ್‌ಪೇಟೆಯಲ್ಲಿ ರೈಲಿಳಿದು ಜಟಕಾದಲ್ಲಿ ಬಂದು ಜಗಲಿಯ ಮೇಲೆ ಕೂತು ಗರಿಯನ್ನು ಬೆಳಕಿಗೆ ಹಿಡಿದರು. ಒಂದನ್ನು ಓದಿ ಇನ್ನೊಂದನ್ನು ಎತ್ತಿಕೊಂಡರು.

“ತಾಯಿ, ಇಂಥ ಕಾವ್ಯ ಇದೆ ಎಂದು ನಮಗೆ ಗೊತ್ತೇ ಇರಲಿಲ್ಲ. ಇದನ್ನು ಕಾಲೇಜಿಗೆ ಕೊಡಿ. ಹುಡುಗರಿಗೆ ಪಾಠ ಹೇಳುತ್ತೇನೆ. ನಾಡೆಲ್ಲ ಓದುವಂತೆ ಅಚ್ಚು ಹಾಕಿಸುತ್ತೇನೆ. ಆದರೆ ಒಂದು ಬಿಟ್ಟು ಒಂದು ಗರಿ ಇಲ್ಲವಲ್ಲ?”

“ಪಾಲಾಯ್ತು ಸ್ವಾಮಿ. ಮಿಕ್ಕಿದ್ದು ಗ್ವಾಡೆ ಆಚೆ ನಮ್ ಮೈದುನ್ನ ಮನೇಲಿ ಐತೆ.”

ಮಕ್ಕಳು ಓದುತ್ತಾರೆ ಎಂಬ ಒಂದೇ ಮಾತಿಗೆ ಕೊಟ್ಟಳು. ಮೇಷ್ಟರು ಕಟ್ಟನ್ನು ಕಣ್ಣಿಗೊತ್ತಿಕೊಂಡು ಗೋಡೆಯಾಚೆ ಹೋದರು. ದಾಸಪ್ಪ ಹಗ್ಗ ಹೊಸೆಯುತ್ತಿದ್ದವನು ತಲೆ ಎತ್ತಲಿಲ್ಲ.

“ಅತ್ಗೆ ಕೊಟ್ಟವ್ರಾ?”

“ಸಂತೋಷವಾಗಿ ಕೊಟ್ಟರಪ್ಪ.”

“ಅಂಗಾರೆ ನಾನು ಕೊಡಾಕಿಲ್ಲ. ಅವ್ರು ಕೊಡ್ನಿಲ್ಲ ಅಂದಿದ್ರೆ ಒಸಿ ಯೋಚ್ನೆ ಮಾಡ್ತಿದ್ದೆ.”

ಮೇಷ್ಟರು ಬೇಡಿದರು, ಗದರಿದರು. ದಾಸಪ್ಪ ಹಗ್ಗದ ತುದಿಯನ್ನು ಕಾಲುಬೆರಳಿಗೆ ಸಿಕ್ಕಿಸಿ ಹೊಸೆಯುತ್ತಲೇ ಇದ್ದ. ಜಟಕಾ ಹತ್ತುವಾಗ ಅವರ ಮುಖ ಕೆಂಪಗೆ ಮೆಣಸಿನಕಾಯಿ. ಪಾಲಿನ ವಿಷಯ ಅವರಿಗೆ ಗೊತ್ತಿತ್ತು, ಇನ್ನರ್ಧ ಎಲ್ಲಿದೆ ಎಂಬುದೂ ಗೊತ್ತಿತ್ತು. ಇದನ್ನು ಓದುವವರು ನೆನಪಿಡಬೇಕು.

ಫಕ್ರುದ್ದೀನ್ ಸಾಬರ ಮಗ ಸನಾವುಲ್ಲಾ ಆಗ ಅದೇ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ. ನಮ್ಮ ಸುತ್ತಿನಲ್ಲಿ ಅಷ್ಟು ಓದಿದವನು ಅವನೇ ಮೊದಲು. ಅಲ್ಲಿ ಪಾಠ ಹೇಗೆ ನಡೆಯುತ್ತಿತ್ತು ಎಂಬುದನ್ನು ಅವನ ಬಾಯಿಂದಲೇ ಕೇಳಿದ್ದೇನೆ. ಓಲೆಕೋಣೆಯ ಜವಾನ ಹಿತ್ತಾಳೆ ತಟ್ಟೆಯಲ್ಲಿ ರೇಷ್ಮೆಯ ಪಟ್ಟೆ ಹಾಸಿ ಕಟ್ಟನ್ನು ಹೊತ್ತು ತರುವನಂತೆ. ಹುಡುಗರು ಕೈ ತೊಳೆದು ಮೇಜಿನ ಸುತ್ತ ನಿಲ್ಲಬೇಕು. ಒಬ್ಬೊಬ್ಬನ ಮುಂದೆ ಒಂದೊಂದು ಗರಿ. ಪುಸ್ತಕದಲ್ಲಿ ಓದುವುದು ಬೇರೆ, ಕೊರೆದವನ ಕೈ ಎಲ್ಲಿ ಒತ್ತಿದೆ ಎಲ್ಲಿ ಜಾರಿದೆ ಎಂದು ಗರಿಯಲ್ಲೇ ನೋಡುವುದು ಬೇರೆ ಎಂದು ಮೇಷ್ಟರು ತೋರಿಸುವರು. ಒಂದು ಗರಿ ಮುಗಿದು ಮುಂದಿನದಿಲ್ಲದ ಕಡೆ ನಿಲ್ಲಿಸಿ, ಇಲ್ಲಿ ಕವಿ ಏನು ಹೇಳಿರಬಹುದು, ನೀವೇ ಕಟ್ಟಿ ನೋಡೋಣ ಎನ್ನುವರು. ಒಳ್ಳೆಯ ಮೇಷ್ಟರೇ. ಅದನ್ನು ಇಲ್ಲವೆನ್ನಲಾರೆ. ಹುಡುಗರು ಆ ಗೊಲ್ಲತಿಯ ಕತೆಗೆ ಹುಚ್ಚಾಗಿದ್ದರು.

ಆದರೆ ಒಬ್ಬ ಕೇಳಿದ, ನಡುವಿನ ಗರಿಗಳು ಎಲ್ಲಿ ಹೋದವು ಸಾರ್ ಎಂದು. ಕೇಳಿದೆ, ಕೊಡಲಿಲ್ಲ ಎಂದರೆ ಮೇಷ್ಟರ ಮಾನ ಹೋಗುತ್ತದಲ್ಲ.

“ಕೂಟಗಲ್ ಎಂಬ ಹಳ್ಳಿ. ಆ ಮನೆಯ ಹಿರೀ ಸೊಸೆ ನೀರೊಲೆಗೆ ಹಾಕಿಬಿಟ್ಟಳು,” ಎಂದರಂತೆ. “ಒಂದು ಗರಿ ಸರಸ್ವತಿಗೆ, ಒಂದು ಗರಿ ಸ್ನಾನಕ್ಕೆ. ನಾನು ಹೋಗುವ ಹೊತ್ತಿಗೆ ಅರ್ಧ ಬೂದಿ. ಬೆಂಕಿಯ ಬಾಯಿಂದ ಕಿತ್ತು ತಂದದ್ದು ಇದು.”

ತರಗತಿ ಘೊಳ್ಳೆಂದು ನಕ್ಕಿತು. ಸನಾವುಲ್ಲಾ ಎದ್ದು ನಿಂತ.

“ಸಾರ್, ಅದು ಸುಟ್ಟದ್ದಲ್ಲ. ಅಣ್ಣತಮ್ಮಂದಿರ ಪಾಲಿನಲ್ಲಿ ಹಂಚಿಹೋದದ್ದು. ಪಂಚಾಯ್ತಿ ಮಾಡಿದವರು ನಮ್ಮ ತಂದೆ.”

“ಕಾವ್ಯಕ್ಕೂ ಪಂಚಾಯ್ತಿಯೇ, ಮಿಸ್ಟರ್ ಸನಾವುಲ್ಲಾ? ನಿಮ್ಮ ತಂದೆಯವರು ಗೂಡು ತೂಗಲಿ. ಕೂತುಕೊಳ್ಳಿ.”

ಮತ್ತೆ ನಗು. ಮೇಷ್ಟರಿಗೆ ಆ ನಗು ರುಚಿಸಿತು. ಆಮೇಲೆ ವರ್ಷ ವರ್ಷವೂ ಹೊಸ ಹುಡುಗರಿಗೆ ಓಲೆ ತೋರಿಸುವಾಗ ನೀರೊಲೆಯ ಕತೆ ಮೊದಲು ಬರತೊಡಗಿತು. ಹೇಳಿ ಹೇಳಿ ಅದಕ್ಕೆ ಕೈಕಾಲು ಮೂಡಿದವು. ಸೊಸೆಯ ಕಂಕುಳಲ್ಲಿ ಮಗು ಬಂತು, ಹಂಡೆಯಲ್ಲಿ ನೀರು ಕುದಿಯಿತು. ಚನ್ನಪಟ್ಟಣದಲ್ಲಿ ದೊಡ್ಡ ಸಭೆ ಮಾಡಿ ಅವರನ್ನು ಮಾತಿಗೆ ಕರೆದಾಗ ಅಲ್ಲೂ ಅದನ್ನೇ ಹೇಳಿ, ಊರ ಹೆಸರೂ ಹೇಳಿ, ಚಪ್ಪಾಳೆ ಗಿಟ್ಟಿಸಿದರು.

ಆ ಸಭೆಯಲ್ಲಿ ಮಾಗಡಿಯ ಕಡೆಯ ಒಬ್ಬ ಯಜಮಾನ ಕೂತಿದ್ದ. ಅವನ ಮಗನಿಗೆ ನಮ್ಮ ವರಲಕ್ಷ್ಮಮ್ಮನನ್ನು ಕೇಳಿ, ಹುಡುಗಿ ಒಪ್ಪಿ, ಹುಡುಗ ಒಪ್ಪಿ, ವೀಳ್ಯ ಬದಲಾಯಿಸುವ ದಿನ ಗೊತ್ತಾಗಿತ್ತು. ನಮ್ಮಲ್ಲಿ ವೀಳ್ಯ ಹಿಡಿದರೆ ಮಾತು ಮುಗಿಯಿತು. ಆಮೇಲೆ ರಾಜ ಬಂದರೂ ತಪ್ಪಿಸಲಾರ.

ಆ ದಿನ ಕೇರಿಯವನೆಂದು ನಾನೂ ಅವರ ಜಗಲಿಯಲ್ಲಿ ಕೂತಿದ್ದೆ. ಬೀಗರು ಬಂದರು, ಪಾನಕ ಕುಡಿದರು. ದೊಡ್ಡಲಕ್ಷ್ಮಮ್ಮ ತಟ್ಟೆಯಲ್ಲಿ ಎಲೆ ಅಡಿಕೆ ಹಣ್ಣು ಕಾಯಿ ಇಟ್ಟು ಮುಂದೆ ನೀಡಿದಳು. ಯಜಮಾನ ತಟ್ಟೆಯನ್ನು ನೋಡಿದ, ಕೈ ಚಾಚಲಿಲ್ಲ.

“ಒಂದ್ ಮಾತು ಕಣವ್ವ. ಓಲೆ ಸುಟ್ಟ ಮನೆ ಅಂತಾರಲ್ಲ, ಅದು ನಿಮ್ದೇಯಾ?”

“ಯಾರಪ್ಪ ಅಂದೋರು?”

“ಕಾಲೇಜ್ ಮೇಷ್ಟ್ರೇ ಅಂದ್ರು, ಸಭೆ ಒಳಗೆ. ನಮ್ಮನೇಲಿ ಸರಸ್ವತಿ ಪೂಜೆ ನಡೀತೈತೆ. ಸರಸ್ವತೀನ ನೀರೊಲೆಗೆ ಹಾಕ್ದೋಳ ಮಗ್ಳನ್ನ ಎಂಗೆ ತುಂಬುಸ್ಕೊಳ್ಳಾದು?”

“ಸುಟ್ಟಿಲ್ಲ ಕಣಪ್ಪ! ಗ್ವಾಡೆ ಆಚೆ ಐತೆ, ನಮ್ ಮೈದುನ್ನ ಕೇಳು.”

ಯಜಮಾನ ಗೋಡೆಯಾಚೆ ಕೂಗಿ ಕೇಳಿದ. ಹಗೆಯ ಮನೆಯಿಂದ ಉತ್ತರ ಬರಲಿಲ್ಲ. ದಾಸಪ್ಪ ಹೊಲಕ್ಕೆ ಹೋಗಿದ್ದನೋ, ಒಳಗೇ ಇದ್ದು ಸುಮ್ಮನಿದ್ದನೋ, ಅವನೇ ಬಲ್ಲ. ಬೀಗರು ಎದ್ದು ಹೋದರು. ತಟ್ಟೆ ಆಕೆಯ ಕೈಯಲ್ಲೇ ಉಳಿಯಿತು.

ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ? ಮಾಗಡಿ ಸುತ್ತ, ಚನ್ನಪಟ್ಟಣದ ಸುತ್ತ ಯಾವ ಮನೆಯೂ ಒಪ್ಪಲಿಲ್ಲ. ಕೊನೆಗೆ ಸುದ್ದಿ ಮುಟ್ಟದ ಊರು ಹುಡುಕಿ, ಕಾನಕಾನಹಳ್ಳಿಯಾಚೆ ಉಯ್ಯಂಬಳ್ಳಿಯಲ್ಲಿ ಹೆಂಡತಿ ಸತ್ತು ಎರಡು ಮಕ್ಕಳಿದ್ದವನಿಗೆ ವರಲಕ್ಷ್ಮಮ್ಮನನ್ನು ಕೊಟ್ಟರು. ಗಾಡಿ ಹತ್ತುವಾಗ ಹುಡುಗಿ ಅಳಲಿಲ್ಲ. ಅವ್ವನ ಮುಖವನ್ನು ಒಂದು ಸಲ ನೋಡಿದಳು, ಅಷ್ಟೇ. ದೊಡ್ಡಲಕ್ಷ್ಮಮ್ಮ ಗಾಡಿ ಮರೆಯಾಗುವವರೆಗೆ ನಿಂತಿದ್ದಳು. ಆಮೇಲೆ ಒಳಗೆ ಹೋಗಲಿಲ್ಲ. ಗೋಡೆ ಸುತ್ತಿಕೊಂಡು ನೇರ ದಾಸಪ್ಪನ ಬಾಗಿಲಿಗೆ ನಡೆದಳು. ಪಾಲಾದ ಮೇಲೆ ಆಕೆಯ ಕಾಲು ಆ ಹೊಸಿಲ ಬಳಿ ಹೋದದ್ದು ಅದೇ ಮೊದಲು.

“ದಾಸಪ್ಪಾ, ಈಚೆ ಬಾ.”

ದಾಸಪ್ಪ ಬಂದ. ಅತ್ತಿಗೆಯನ್ನು ಕಂಡು ಬಾಗಿಲ ಚೌಕಟ್ಟು ಹಿಡಿದು ನಿಂತ. “ಗ್ವಾಡೆ ಬಿತ್ತಾ ಅತ್ಗೆ?”

“ಗ್ವಾಡೆ ಅಂಗೇ ಐತೆ. ನಿನ್ ಪಾಲಿನ್ ಗರಿ ಬೇಕು.”

“ಕೊಡಾಕಿಲ್ಲ ಅಂತ ಅವತ್ತೇ ಏಳಿವ್ನಿ.”

“ಆ ಮೇಷ್ಟ್ರಿಗೆ ಕೊಡಾಕಲ್ಲ. ಅವ್ನಿಗೆ ಸಿಗದಂಗೆ ಮಾಡಾಕೆ.”

ದಾಸಪ್ಪ ಚೌಕಟ್ಟು ಬಿಟ್ಟ. “ಅಂಗಂದ್ರೆ?”

“ನಾನು ಸುಟ್ಟೆ ಅಂದ್ನಲ್ಲ. ನಿಂಗೆ ಬೇಜಾರಾಗ್ನಿಲ್ವಾ? ಸುಟ್ಟಿದ್ದಾದ್ರೆ ಯಾವ್ ಗರಿ ಸುಟ್ಟಿದ್ದು? ನಿನ್ ಪಾಲಿಂದು. ನಿನ್ ಮನೇಲಿ ಪೂಜೆ ಮಾಡೋ ಗರೀನ ಬೂದಿ ಅಂದವ್ನೆ.”

ಇದು ದಾಸಪ್ಪನಿಗೆ ಹೊಳೆದಿರಲಿಲ್ಲ. ಅದುವರೆಗೆ ಅತ್ತಿಗೆಯ ಮಾನ ಹೋಯಿತಲ್ಲ ಎಂದು ಒಳಗೊಳಗೇ ಖುಷಿಪಡುತ್ತಿದ್ದವನು ಈಗ ತನ್ನ ಮಾನವನ್ನು ನೆನೆದ. ಮನುಷ್ಯ ಅಂದರೆ ಅಷ್ಟೇ.

“ನನ್ ಗರೀನ ಬೂದಿ ಅಂದ್ನಾ ಆ ಜುಟ್ಟಿನೋನು?”

“ವರ್ಷಾ ವರ್ಷಾ ಅಂತಾವ್ನೆ. ಮಕ್ಳು ನಗ್ತವಂತೆ.”

“ನಿಮ್ಮೇಲಿನ್ ಸಿಟ್ಟು ನಂಗೆ ಓಗಿಲ್ಲ ಅತ್ಗೆ.”

“ನಂಗೂ ಓಗಿಲ್ಲ. ಅದ್ನ ಆಮ್ಯಾಕೆ ನೋಡ್ಕಂಡ್ರಾಯ್ತು. ಗರಿ ತಕ್ಕೊ, ಪಂಚೆ ಉಟ್ಕೊ.”

ಹೀಗೆ ಇಬ್ಬರು ಹಗೆಯವರು ಒಂದೇ ರೈಲಿನಲ್ಲಿ ಎದುರು ಬದುರು ಕೂತು ಬೆಂಗಳೂರಿಗೆ ಹೋದರು. ಗರಿಯ ಗಂಟು ದಾಸಪ್ಪನ ತೊಡೆಯ ಮೇಲೆ. ಓದು ಮುಗಿಸಿ ಬೆಂಗಳೂರಿನಲ್ಲೇ ಉಳಿದಿದ್ದ ಸನಾವುಲ್ಲಾ ಸ್ಟೇಷನ್ನಿಗೆ ಬಂದು ಕಾಲೇಜಿಗೆ ಕರೆದೊಯ್ದ.

ಓಲೆಕೋಣೆಯಲ್ಲಿ ಪಾಠ ನಡೆದಿತ್ತು. ಗಾಜಿನ ಬೀರುಗಳು, ಕರ್ಪೂರದ ವಾಸನೆ, ಮೇಜಿನ ಸುತ್ತ ಹುಡುಗರು. ಪಟ್ಟೆಯ ಮೇಲೆ ತನ್ನ ಗರಿಗಳು ಮಲಗಿರುವುದು ದೊಡ್ಡಲಕ್ಷ್ಮಮ್ಮನ ಕಣ್ಣಿಗೆ ಬಿತ್ತು. ಸುಳ್ಳು ಹೇಳಬಾರದು, ಮಗುವನ್ನು ನೋಡಿಕೊಂಡಂತೆ ನೋಡಿಕೊಂಡಿದ್ದರು. ಗರಿಗೆ ಪಟ್ಟೆ, ಗರಿ ಕಾಯ್ದವಳಿಗೆ ಮಸಿ.

“ಸ್ವಾಮಿ, ಕೂಟಗಲ್ಲಿನೋಳು ನಾನು. ಈ ಮಕ್ಳ ಮುಂದೆ ಒಂದ್ ಮಾತು ಏಳ್ಬುಡಿ. ಆಯಮ್ಮ ಸುಟ್ಟಿಲ್ಲ, ಪಾಲಾಯ್ತು ಅಂತ. ಇನ್ನೇನೂ ಬ್ಯಾಡ.”

ಮೇಷ್ಟರು ಗುರುತು ಹಿಡಿದರು. ಕನ್ನಡಕ ತೆಗೆದು ಒರೆಸಿದರು. “ಪಾಠದ ನಡುವೆ ಇದೆಲ್ಲ ಯಾಕೆ ತಾಯಿ? ಅದು ಒಂದು ದೃಷ್ಟಾಂತ. ಹುಡುಗರಿಗೆ ಓಲೆಯ ಬೆಲೆ ತಿಳಿಯಲಿ ಎಂದು ಹೇಳಿದ್ದು. ನಿಮ್ಮ ಹೆಸರು ಹೇಳಿದೆನೆ?”

“ಊರೆಸ್ರು ಏಳುದ್ರಿ. ಇರೀ ಸೊಸೆ ಅಂದ್ರಿ. ಆ ಮನೇಗೆ ಇರೀ ಸೊಸೆ ನಾನೊಬ್ಳೇಯ. ನಿಮ್ಮ ದೃಷ್ಟಾಂತ ನನ್ ಮಗಳ ಮದ್ವೆ ಮುರೀತು ಸ್ವಾಮಿ.”

ಹುಡುಗರು ಮುಖ ಮುಖ ನೋಡಿಕೊಂಡರು. ಮೇಷ್ಟರ ಕಣ್ಣು ಮಾತ್ರ ದಾಸಪ್ಪನ ಗಂಟಿನ ಮೇಲೆ ನಿಂತಿತ್ತು. ದನಿ ಜೇನಾಯಿತು. “ಅದರಲ್ಲಿ ಉಳಿದ ಗರಿಗಳಿವೆಯೇ? ಪುಸ್ತಕ ಅಚ್ಚಿಗೆ ಹೋಗಿದೆ. ಕೊಟ್ಟರೆ ಈಗಲೂ ಸೇರಿಸಬಹುದು. ನಿಮ್ಮ ಹೆಸರನ್ನು ಮೊದಲ ಪುಟದಲ್ಲೇ ಹಾಕಿಸುತ್ತೇನೆ. ಈ ಮಾತೆಲ್ಲ ಇಲ್ಲಿಗೆ ಬಿಡೋಣ.”

“ಮಕ್ಳ ಮುಂದೆ ಏಳಾಕಿಲ್ವಾ?”

“ಮೇಷ್ಟರಾದವರು ಆಡಿದ್ದನ್ನು ತರಗತಿಯಲ್ಲಿ ತಿದ್ದುತ್ತಾ ಕೂತರೆ ಹುಡುಗರು ತಲೆ ಮೇಲೆ ಹತ್ತುತ್ತಾರೆ ತಾಯಿ.”

“ಸರಿ ಸ್ವಾಮಿ. ಉಳಿದ್ ಗರಿ ಉರ್ದೋದ್ವು. ನೀವೇ ಏಳಿದ್ರಲ್ಲ. ಬೂದಿ ಬೇಕಾದ್ರೆ ಏಳಿ, ಕಳುಸ್ಕೊಡ್ತೀನಿ.”

ಈಚೆ ಬಂದ ಮೇಲೆ ದಾಸಪ್ಪ ಪಾಲಾದಂದಿನಿಂದ ಅತ್ತಿಗೆಯ ಮುಂದೆ ಮೊದಲ ಬಾರಿ ನಕ್ಕ. ರೈಲು ಕಲೋಸ್‌ಪೇಟೆಗೆ ಬಂದು ನಿಂತಿತು. ಅವನು ಇಳಿಯಲು ಎದ್ದ.

“ಕೂತ್ಕೊ,” ಎಂದಳು ದೊಡ್ಡಲಕ್ಷ್ಮಮ್ಮ.

“ನಮ್ಮೂರು ಬಂತು ಅತ್ಗೆ.”

“ಮೈಸೂರ್ಗೆ ಟಿಕೀಟ್ ತಕ್ಕಂಡಿವ್ನಿ.”

ಮೈಸೂರಿನ ಕಾಲೇಜಿನಲ್ಲಿ ಹಳಗನ್ನಡ ಹೇಳುವ ಇನ್ನೊಬ್ಬ ಮೇಷ್ಟರಿದ್ದರು. ಅವರಿಗೂ ಚಿದಂಬರಯ್ಯನವರಿಗೂ ಎಣ್ಣೆ ಸೀಗೇಕಾಯಿ. ಒಬ್ಬರು ಹೌದೆಂದರೆ ಇನ್ನೊಬ್ಬರು ಅಲ್ಲವೆಂದು ಬರೆಯುತ್ತಿದ್ದರು. ಇದನ್ನು ಸನಾವುಲ್ಲಾ ಸ್ಟೇಷನ್ನಿನಲ್ಲಿ ಆಕೆಯ ಕಿವಿಗೆ ಹಾಕಿದ್ದ. ಹೆಂಗಸು ಅಷ್ಟು ದೂರ ಲೆಕ್ಕ ಹಾಕಿದ್ದಳು.

ಮೈಸೂರಿನಲ್ಲೂ ಓಲೆಗಳಿಗೆ ಬೇರೆ ಕೋಣೆ, ಅಲ್ಲೂ ಹುಡುಗರು. ದಾಸಪ್ಪ ಗಂಟು ಬಿಚ್ಚಿದ. ಮೈಸೂರು ಮೇಷ್ಟರು ಒಂದು ಗರಿ ಓದಿದರು, ಎರಡು ಓದಿದರು, ಕುರ್ಚಿಯಲ್ಲಿ ಕೂತುಬಿಟ್ಟರು.

“ಇವು ಸುಟ್ಟುಹೋಗಿವೆ ಎಂದು ಬೆಂಗಳೂರಿನವರು ಬರೆದಿದ್ದಾರಲ್ಲಮ್ಮ!”

“ನಾನೇ ಸುಟ್ಟೋಳು. ಮುಟ್ ನೋಡಿ, ಬಿಸಿ ಐತಾ?”

ಹುಡುಗರು ನಕ್ಕರು. ಈ ಸಲದ ನಗು ಬೇರೆ. ಮೇಷ್ಟರು ಎದ್ದು ನಿಂತು ಕೈಮುಗಿದರು. “ಏನು ಕೊಡಲಿ ಹೇಳಿ ತಾಯಿ.”

“ಏನೂ ಬ್ಯಾಡ. ಇದು ಈ ಕ್ವಾಣೆ ಬುಟ್ಟು ಕದಲ್‌ಬಾರ್ದು. ಇದ್ನ ಓದ್ಬೇಕು ಅನ್ನೋರು ಯಾರೇ ಆಗ್ಲಿ ಮೊದ್ಲು ಕೂಟಗಲ್ಲಿಗೆ ಬಂದು ನನ್ ಕೈಲಿ ವೀಳ್ಯ ಈಸ್ಕಬೇಕು. ವೀಳ್ಯ ಕೊಟ್ರೆ ಓದ್ಬೋದು. ಕೊಡ್ನಿಲ್ಲ ಅಂದ್ರೆ ಇಲ್ಲ. ನಾನ್ ಸತ್ ಮ್ಯಾಲೆ ನನ್ ಮಗಳ ಕೈಲಿ.”

ಮೇಷ್ಟರು ಕೈಯಲ್ಲಿದ್ದ ಗರಿಯನ್ನು ಮೇಜಿನ ಮೇಲಿಟ್ಟರು. “ಬೆಂಗಳೂರಿನವರು ಬಂದರೂ?”

“ಅವ್ರಿಗೋಸ್ಕರಾನೇ ಕಣ್ ಸ್ವಾಮಿ.”

ಅವರ ಮೀಸೆಯ ತುದಿ ಮೇಲಕ್ಕೆದ್ದದ್ದನ್ನು ನೋಡಿದೆ ಎಂದು ದಾಸಪ್ಪ ಬದುಕಿರುವವರೆಗೂ ಹೇಳುತ್ತಿದ್ದ. ಹುಡುಗರೆಲ್ಲರ ಮುಂದೆ, ಗರಿ ಮುಟ್ಟಿ ಮಾತು ಕೊಟ್ಟರು. ದೊಡ್ಡಲಕ್ಷ್ಮಮ್ಮ ಸೊಂಟದ ಚೀಲದಿಂದ ಎಲೆ ಅಡಿಕೆ ತೆಗೆದು ಮೊದಲ ವೀಳ್ಯವನ್ನು ಅವರ ಕೈಗಿಟ್ಟಳು.

ಆಮೇಲೆ ಅದೊಂದು ಪದ್ಧತಿಯೇ ಆಯಿತು. ವರ್ಷವರ್ಷವೂ ಮೈಸೂರು ಮೇಷ್ಟರು ತಮ್ಮ ತರಗತಿಯನ್ನು ರೈಲಿನಲ್ಲಿ ಕರೆತರುವರು. ಹುಡುಗರು ಆಕೆಯ ಜಗಲಿಯಲ್ಲಿ ಸಾಲಾಗಿ ಕೂತು ವೀಳ್ಯ ಹಿಡಿಯುವರು. ಆಕೆ ಪಾಲಿನ ಕತೆ ಹೇಳುವಳು, ದಾಸಪ್ಪ ಗೋಡೆಯ ಮೇಲಿಂದ ತಲೆ ಹಾಕಿ, “ಅಂಗಲ್ಲ ಅತ್ಗೆ, ಇರೀಕ ನಾನು ಅಂತ ಜಗ್ಳ ತೆಗ್ದೋನು ನಿಮ್ ಗಂಡ,” ಎಂದು ತಿದ್ದುವನು. ಗೋಡೆ ಮಾತ್ರ ಕೆಡವಲಿಲ್ಲ. ಹಾಲು ಕೊಟ್ಟು ತೆಗೆದುಕೊಳ್ಳುವಷ್ಟು ಒಂದು ಕಿಂಡಿ ಕೊರೆದರು.

ಚಿದಂಬರಯ್ಯನವರಿಗೆ ಸುದ್ದಿ ಮುಟ್ಟಿದ್ದು ಪಂಡಿತರ ಒಂದು ಸಭೆಯಲ್ಲಿ. ಮೈಸೂರು ಮೇಷ್ಟರು ಎದ್ದು, ಸುಟ್ಟುಹೋದವೆಂದು ಗೆಳೆಯರು ಹೇಳುವ ಗರಿಗಳು ನನ್ನ ಬೀರುವಿನಲ್ಲಿ ಕ್ಷೇಮವಾಗಿವೆ ಎಂದು ಓದಿ ಹೇಳಿದರಂತೆ. ಚಿದಂಬರಯ್ಯನವರು ನಡುವಿನ ಖಾಲಿ ಜಾಗಗಳಿಗೆ ತಾವೇ ಪದ್ಯ ಕಟ್ಟಿ ತುಂಬಿದ್ದ ಪುಸ್ತಕ ಅಚ್ಚಿನ ಮನೆಯಲ್ಲಿತ್ತು. ಅದು ಅಲ್ಲೇ ನಿಂತಿತು. ನಿಜವಾದ ಗರಿ ಇರುವಾಗ ಇವರ ಪದ್ಯ ಯಾರಿಗೆ ಬೇಕು? ಮೈಸೂರಿಗೆ ಹೋಗಿ ಓದಲು ಕೇಳಿದರು. “ಅಗತ್ಯವಾಗಿ. ವೀಳ್ಯ ತಂದಿದ್ದೀರಾ?” ಎಂದರು ಅಲ್ಲಿಯವರು.

ಎರಡು ಮಳೆಗಾಲ ಬಿಗುಮಾನದಲ್ಲಿ ಕಳೆದರು. ಕೊನೆಗೆ ಬಂದರು. ಕೈಯಲ್ಲಿ ಹಣ್ಣಿನ ಬುಟ್ಟಿ, ತಲೆಯಲ್ಲಿ ಬಿಳಿ ಹೆಚ್ಚಾಗಿತ್ತು. ಈ ಸಲ ಜಟಕಾವನ್ನು ಕೇರಿಯ ತುದಿಯಲ್ಲೇ ನಿಲ್ಲಿಸಿ ನಡೆದು ಬಂದರು.

“ಆದದ್ದು ಆಗಿಹೋಯಿತು ತಾಯಿ,” ಎಂದರು.

“ಆಗ್ಲಿಲ್ಲ ಸ್ವಾಮಿ. ನೀವ್ ಮಾಡುದ್ರಿ. ಕೂತ್ಕೊಳ್ಳಿ, ಜನ ಬರ್ಲಿ.”

ಕೂರಿಸಿದಳು. ಕಲೋಸ್‌ಪೇಟೆಗೆ ಆಳು ಕಳಿಸಿ ಫಕ್ರುದ್ದೀನ್ ಸಾಬರನ್ನು ಕರೆಸಿದಳು. ಕೇರಿಯ ಜನ ನೆರೆದರು, ನಾನೂ ಇದ್ದೆ. ಬಿಸಿಲು ಜಗಲಿಯ ಮೇಲೆ ಏರಿ ಮೇಷ್ಟರ ಮುಖಕ್ಕೆ ಬಂತು. ಜಾಗ ಬದಲಿಸಿ ಎಂದು ಯಾರೂ ಹೇಳಲಿಲ್ಲ.

“ಈಗ ಏಳಿ ಸ್ವಾಮಿ, ಎಲ್ರಿಗೂ ಕೇಳಂಗೆ.”

ಮೇಷ್ಟರು ಗಂಟಲು ಸರಿಮಾಡಿಕೊಂಡರು. “ಅನವಧಾನದಿಂದ ನನ್ನ ಮುಖೇನ ಒಂದು ಅನೃತವು ಪ್ರಚಾರಕ್ಕೆ ಬಂದುದಕ್ಕಾಗಿ ವಿಷಾದವನ್ನು...”

“ಏನಂದ್ರು ಲೇ?” ಎಂದ ದಾಸಪ್ಪ ಗೋಡೆಯ ಮೇಲಿಂದ.

“ಗೊತ್ತಾಗ್ನಿಲ್ಲ ಕಣ್ಲಾ,” ಎಂದ ಒಬ್ಬ. “ತಿಥಿ ಮಂತ್ರ ಇದ್ದಂಗೈತೆ.”

“ಚಪ್ಪಾಳೆ ಒಡಸ್ಕಂಡ್ರಲ್ಲ ಚನ್ನಪಟ್ಟಣದಾಗೆ, ಆ ಭಾಷೇಲೇ ಏಳಿ ಸ್ವಾಮಿ,” ಎಂದಳು ದೊಡ್ಡಲಕ್ಷ್ಮಮ್ಮ. “ಅವತ್ತು ಎಲ್ರಿಗೂ ತಿಳೀತು.”

ಮೇಷ್ಟರು ನೆಲ ನೋಡಿದರು. ಹೆಗಲ ಮೇಲಿನ ಶಲ್ಯ ಜಾರಿತು, ಎತ್ತಿಕೊಳ್ಳಲಿಲ್ಲ.

“ಈಕೆ ಸುಡಲಿಲ್ಲ. ಪಾಲಾಯಿತೆಂದು ನನಗೆ ಗೊತ್ತಿತ್ತು. ನಾನು ಸುಳ್ಳು ಹೇಳಿದೆ.”

ಮೇಷ್ಟರು ಎರಡು ಕೈ ಜೋಡಿಸಿ ಬೊಗಸೆಯಾಗಿ ಮುಂದೆ ಚಾಚಿದರು. ದೊಡ್ಡಲಕ್ಷ್ಮಮ್ಮ ಚೀಲ ಬಿಚ್ಚಿದಳು. ಎಲೆ ಆರಿಸಿದಳು. ಸೆರಗಿಗೆ ಒರೆಸಿದಳು, ತೊಟ್ಟು ಮುರಿದಳು, ಸುಣ್ಣ ಹಚ್ಚಿದಳು, ಅಡಿಕೆ ಇಟ್ಟು ಮಡಿಸಿದಳು. ಮೇಷ್ಟರ ಬೊಗಸೆ ಕಾಯುತ್ತಲೇ ಇತ್ತು. ಆಕೆ ವೀಳ್ಯವನ್ನು ತನ್ನ ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು.

“ನಮ್ ವರಲಕ್ಷ್ಮಿಗೆ ತಟ್ಟೆ ನೀಡ್ಕಂಡು ನಾನೂ ಇಂಗೇ ಕೂತಿದ್ದೆ ಸ್ವಾಮಿ,” ಎಂದಳು. “ಎದ್ದೋದ್ರು. ನೀವೂ ಏಳಿ, ರೈಲಿಗೆ ವೊತ್ತಾಯ್ತದೆ.”

ಫಕ್ರುದ್ದೀನ್ ಸಾಬರಿಗೆ ಮನಸ್ಸು ತಡೆಯಲಿಲ್ಲ. “ಬಿಡಮ್ಮ, ಇಷ್ಟು ಜನದ ಮುಂದೆ ನಿಜ ಹೇಳಿದ್ರಲ್ಲ.”

“ನಿಜ ಏಳಿದ್ದಕ್ಕೆ ಕೂಲಿ ಕೊಡೋದು ಯಾವ ಪಂಚಾಯ್ತಿ ಸಾಬ್ರೇ?”

ಮೇಷ್ಟರು ಎದ್ದರು. ಹಣ್ಣಿನ ಬುಟ್ಟಿಯನ್ನು ದಾಸಪ್ಪ ಅವರ ಹಿಂದೆಯೇ ಹೊತ್ತು ಹೋಗಿ ಜಟಕಾದಲ್ಲಿಟ್ಟು ಬಂದ.

ಅವರ ಪುಸ್ತಕ ಆಮೇಲೆ ಹೊರಬಂತು, ಒಂದು ಪುಟ ಪದ್ಯ, ಒಂದು ಪುಟ ಖಾಲಿ. ಮೈಸೂರಿನವರ ಪುಸ್ತಕವೂ ಹಾಗೆಯೇ, ಅವರಿಗೆ ಬೆಂಗಳೂರಿನ ಗರಿ ಸಿಗಲಿಲ್ಲ. ಎರಡು ಕಾಲೇಜುಗಳೂ ಅಣ್ಣತಮ್ಮಂದಿರಂತೆ ಗೋಡೆ ಹಾಕಿಕೊಂಡು ಕೂತವು. ಓದಿದವರು ನನ್ನನ್ನು ಕೇಳುತ್ತಾರೆ, ಒಬ್ಬಳ ಹಟಕ್ಕೆ ಒಂದು ಕಾವ್ಯ ಹಾಳಾಯಿತಲ್ಲ ಎಂದು. ಕಾವ್ಯ ಹಾಳಾಗಿಲ್ಲ, ಎರಡು ಕಡೆ ಇದೆ. ವರಲಕ್ಷ್ಮಮ್ಮನ ವಯಸ್ಸು ಮಾತ್ರ ಒಂದೇ ಕಡೆ ಕಳೆಯಿತು.

ದೊಡ್ಡಲಕ್ಷ್ಮಮ್ಮ ತೀರಿಕೊಂಡ ಮೇಲೆ ಬೆಂಗಳೂರಿನ ಕಾಲೇಜಿನ ಹೊಸ ಮೇಷ್ಟರೊಬ್ಬರು ಉಯ್ಯಂಬಳ್ಳಿಗೆ ಹೋದರು. ನಾನು ಆಗ ಅಲ್ಲಿಗೆ ಎತ್ತು ಕೊಳ್ಳಲು ಹೋಗಿದ್ದೆ, ವರಲಕ್ಷ್ಮಮ್ಮನ ಜಗಲಿಯಲ್ಲೇ ಇದ್ದೆ. ಬಂದವರು ಒಳ್ಳೆಯ ಮನುಷ್ಯ, ಚಿದಂಬರಯ್ಯನವರನ್ನು ಕಂಡವರೂ ಅಲ್ಲ. ವರಲಕ್ಷ್ಮಮ್ಮ ಮಣೆ ಹಾಕಿ ಮಜ್ಜಿಗೆ ಕೊಟ್ಟಳು.

“ಜಗಳವಾಡಿದ ಆ ಮೇಷ್ಟರು ಇಬ್ಬರೂ ಈಗ ಇಲ್ಲವಮ್ಮ,” ಎಂದರು ಅವರು. “ನಿಮ್ಮ ತಾಯಿಯವರೂ ಹೋದರು. ಇನ್ನಾದರೂ ಎರಡು ಭಾಗ ಸೇರಲಿ. ವೀಳ್ಯ ಕೊಡಿ.”

ವರಲಕ್ಷ್ಮಮ್ಮ ಖಾಲಿ ಲೋಟ ಎತ್ತಿಕೊಂಡಳು.

“ಅವ್ರೆಲ್ಲಾ ವೋದ್ರು, ದಿಟ,” ಎಂದಳು. “ನಾನು ಇನ್ನೂ ಉಯ್ಯಂಬಳ್ಳೀಲೇ ಇವ್ನಲ್ಲ ಸ್ವಾಮಿ. ಇನ್ನೊಂದ್ ಲೋಟ ಮಜ್ಜಿಗೆ ಕೊಡ್ಲಾ?”